ಮುಪ್ಪಿನ ಗಂಟು ಯಾರಿಗೆ?



ರೈತನಿಗೆ ಆದಾಯ ತೆರಿಗೆಯೇ ಇಲ್ಲ, ಇನ್ನೇನು ಬೇಕು ಅಂತ ಪೇಟೆಯವರು ಆಡಿಕೊಳ್ಳುವುದನ್ನು ನೀವೂ ಕೇಳಿದ್ದೀರಿ. ಹಾಗಾದರೆ ಈ ಲೆಕ್ಕ ನೋಡಿ.

ಹಳೇ ತೆರಿಗೆ ಪದ್ಧತಿಯಲ್ಲಿ ಪ್ರಾವಿಡೆಂಟ್ ಫಂಡು, ವಿಮೆಗೆ ಕಟ್ಟಿದ ಹಣವನ್ನು ಆದಾಯದಿಂದ ಕಳೆಯುವ ಮಿತಿ 2005ರಲ್ಲಿ 1 ಲಕ್ಷವಾಯಿತು, 2014ರಲ್ಲಿ ಒಂದೂವರೆ ಲಕ್ಷ. 2015ರಲ್ಲಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆಂದು ಇನ್ನೂ 50 ಸಾವಿರ ಸೇರಿತು. 2024ರಲ್ಲಿ ಹೊಸ ಪದ್ಧತಿಯ ಖಾಸಗಿ ನೌಕರರಿಗೆ, ಮಾಲೀಕರು ಪಿಂಚಣಿಗೆ ಕಟ್ಟುವ ಪಾಲಿನ ರಿಯಾಯಿತಿ ಸಂಬಳದ ಶೇಕಡಾ 10ರಿಂದ 14ಕ್ಕೆ ಏರಿತು. ಸಿಗಲಿ, ಅವರೂ ದುಡಿಯುವವರೇ. ನಮ್ಮ ಜಗಳ ಅವರ ಮೇಲಲ್ಲ.

ನಮಗೇನು ಬಂತು? 2019ರಲ್ಲಿ ಕಿಸಾನ್ ಮಾನ್‌ಧನ್ ಯೋಜನೆ. 2 ಹೆಕ್ಟೇರು, ಅಂದರೆ ಸುಮಾರು 5 ಎಕರೆ ಮೀರಿದವನು ಹೊರಗೆ. ವಯಸ್ಸು 40 ದಾಟಿದವನೂ ಹೊರಗೆ. ತಿಂಗಳಿಗೆ 55ರಿಂದ 200 ರೂಪಾಯಿ ನಾವು ಕಟ್ಟಬೇಕು, ಅಷ್ಟನ್ನೇ ಸರ್ಕಾರ ಹಾಕುತ್ತದೆ, 60 ತುಂಬಿದ ಮೇಲೆ ತಿಂಗಳಿಗೆ 3,000. ಆ ವರ್ಷ ಸೇರಿದ 18ರ ಹುಡುಗನಿಗೆ 60 ತುಂಬುವುದು 2061ರಲ್ಲಿ. ಅವನಿಗೆ ಗೊತ್ತುಮಾಡಿರುವುದೂ ಅದೇ 3,000! ಅಷ್ಟೊತ್ತಿಗೆ ಅದು ಎಷ್ಟು ದಿನದ ಗಂಜಿಗೆ ಆದೀತು, ನೀವೇ ಹೇಳಿ.

ತೆರಿಗೆ ರಿಯಾಯಿತಿ ಉಳಿಸಬಲ್ಲವನಿಗೆ. ಬೆಳೆದದ್ದೆಲ್ಲ ಬಡ್ಡಿಗೇ ಹೋದರೆ ನಾವು ಉಳಿಸುವುದೆಲ್ಲಿಂದ? ನಮ್ಮ ಪ್ರಾವಿಡೆಂಟ್ ಫಂಡು ಬೆಳೆಯ ಬೆಲೆಯಲ್ಲೇ ಇದೆ. ಅದನ್ನು ಕಿತ್ತುಕೊಂಡು ತೆರಿಗೆ ಬಿಟ್ಟಿದ್ದೇವೆ ಅನ್ನುವುದು ಹಸಿದವನಿಗೆ ಊಟದ ಮೇಲಿನ ತೆರಿಗೆ ಮಾಫಿ ಮಾಡಿದ ಹಾಗೆ.

ಓಟು ಕೇಳಲು ಬಂದವರನ್ನು ನಿಲ್ಲಿಸಿ ಕೇಳಿ: ಸಂಬಳದವರ ಮಿತಿ ಏರಿಸಲು ಬರುತ್ತದೆ, ರೈತನ 3,000 ಏರಿಸಲು ಯಾಕೆ ಬರುವುದಿಲ್ಲ? ಖರ್ಚಿಗೆ ತಕ್ಕ ಬೆಲೆ, ಬೆಲೆಯೇರಿಕೆಗೆ ತಕ್ಕ ಪಿಂಚಣಿ. ಇದು ಭಿಕ್ಷೆಯಲ್ಲ, ಬಾಕಿ.