ಆನೆ ಹಾವಳಿ: ವಿಜ್ಞಾನಿಗಳು ಹೇಳಿಯಾಗಿದೆ, ಸರಕಾರ ನಿರ್ಧರಿಸಬೇಕು

ರಾಗಿ ತೆನೆ ಬಲಿಯುವ ಕಾಲ ಬಂದರೆ ಕನಕಪುರ, ಚನ್ನಪಟ್ಟಣ, ರಾಮನಗರ, ಮಾಗಡಿಯ ಕಾಡಂಚಿನ ರೈತರಿಗೆ ನಿದ್ದೆಯಿಲ್ಲ. ಬನ್ನೇರುಘಟ್ಟ ಮತ್ತು ಕಾವೇರಿ ವನ್ಯಧಾಮದ ಕಡೆಯಿಂದ ಬರುವ ಆನೆಗಳು ವರ್ಷದ ದುಡಿಮೆಯನ್ನು ಒಂದೇ ರಾತ್ರಿಯಲ್ಲಿ ನೆಲಸಮ ಮಾಡುತ್ತವೆ. ಸುಳ್ಯ, ಬೆಳ್ತಂಗಡಿಯ ಕೃಷಿಕರನ್ನು ಬಲ್ಲ ನಮಗೆ ಈ ಸಂಕಟ ಹೊಸದಲ್ಲ.

ಕಾಡಿನಲ್ಲಿ ಮೇವಿಲ್ಲದ್ದರಿಂದ ಆನೆ ಊರಿಗೆ ಬರುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಇದು ಅರ್ಧ ಸತ್ಯ ಮಾತ್ರ. 1980ರ ದಶಕದ ಆರಂಭದಲ್ಲಿ ಚಾಮರಾಜನಗರ, ಸತ್ಯಮಂಗಲ ಭಾಗದಲ್ಲಿ ಆನೆಗಳ ಅಧ್ಯಯನ ನಡೆಸಿದ ಡಾ. ರಾಮನ್ ಸುಕುಮಾರ್, ಕಾಡು ಹುಲ್ಲಿಗಿಂತ ರಾಗಿ, ಭತ್ತದಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚಿರುವುದನ್ನು ತೋರಿಸಿಕೊಟ್ಟರು. ಬೆಳೆಗೆ ನುಗ್ಗುವುದರಲ್ಲಿ ಗಂಡಾನೆಗಳೇ ಮುಂದು ಎಂಬುದನ್ನೂ ಅವರು ಕಂಡುಕೊಂಡರು. ಅಂದರೆ ಕಾಡಿನಲ್ಲಿ ಮೇವಿದ್ದರೂ ರುಚಿ ಕಂಡ ಆನೆ ಹೊಲ ಬಿಡುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ದಶಕಗಳ ಕಾಲ ಸಂಶೋಧನೆ ನಡೆಸಿದ ಸುಕುಮಾರ್ ಅವರಿಗೆ 2006ರಲ್ಲಿ ಜಪಾನಿನ ಕಾಸ್ಮಾಸ್ ಪ್ರಶಸ್ತಿ ಸಂದಿತು. ಹೈಕೋರ್ಟಿನ ಮುಂದಿದ್ದ ಪ್ರಕರಣವೊಂದರಲ್ಲಿ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆಗೆ ಅವರೇ ಅಧ್ಯಕ್ಷರಾಗಿದ್ದರು. 2012ರ ಸೆಪ್ಟೆಂಬರಿನಲ್ಲಿ ಕಾರ್ಯಪಡೆ ವರದಿ ನೀಡಿತು.

ವರದಿಯ ತಿರುಳು ಸರಳ. ನಾಡನ್ನು ಮೂರು ವಲಯಗಳಾಗಿ ನೋಡಬೇಕು. ಮೊದಲನೆಯದರಲ್ಲಿ ಆನೆಯ ಸಂರಕ್ಷಣೆಗೆ ಆದ್ಯತೆ. ಎರಡನೆಯದರಲ್ಲಿ ಆನೆಯೂ ಮನುಷ್ಯನೂ ಹೊಂದಿಕೊಂಡು ಬಾಳಬೇಕು. ಮೂರನೆಯದರಲ್ಲಿ ಜನರ ಜೀವ, ಜೀವನೋಪಾಯಕ್ಕೆ ಆದ್ಯತೆ. ಅಲ್ಲಿಂದ ಆನೆಗಳನ್ನು ತೆರವುಗೊಳಿಸಬೇಕು.

ಸರಕಾರಗಳಿಗೆ ಕಷ್ಟವಾಗುವುದು ಇಲ್ಲಿಯೇ. ಕಂದಕ, ಸೌರ ಬೇಲಿ, ರೈಲ್ವೆ ಹಳಿಯ ತಡೆಗೋಡೆಗೆ ಹಣ ಮಂಜೂರು ಮಾಡುವುದು ಸುಲಭ. ನಿಮ್ಮ ಊರು ಯಾವ ವಲಯದಲ್ಲಿದೆ ಎಂದು ರೈತನಿಗೆ ಮುಖ ನೋಡಿ ಹೇಳುವುದು ಸುಲಭವಲ್ಲ. ಅತ್ತ ಕಾಡಿನ ಅಂಚೂ ಉಳಿಯುತ್ತಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ಸುಮಾರು 100 ಚದರ ಕಿ.ಮೀ. ಕಾಗದದಲ್ಲಿ ಹೋಯಿತು, ಆನೆಗೆ ಆ ಕಾಗದ ಓದಲು ಬರುವುದಿಲ್ಲ.

2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿದ್ದವು. ಇದು ನಾಡಿಗೆ ಹೆಮ್ಮೆಯ ವಿಷಯವೇ. ಆದರೆ ಆ ಹೆಮ್ಮೆಯ ಬೆಲೆಯನ್ನು ಕಾಡಂಚಿನ ಬಡ ರೈತ ಒಬ್ಬನೇ ತೆರುವುದು ನ್ಯಾಯವಲ್ಲ. ಎಲ್ಲಿ ಆನೆಯೊಡನೆ ಬಾಳಲೇಬೇಕೋ ಅಲ್ಲಿನವರಿಗೆ ಬೆಳೆಯ ನಿಜವಾದ ಬೆಲೆ ವಿಳಂಬವಿಲ್ಲದೆ ಕೈಸೇರಬೇಕು. ಎಲ್ಲಿ ಸಾಧ್ಯವಿಲ್ಲವೋ ಅಲ್ಲಿ ಸರಕಾರ ಅದನ್ನು ಒಪ್ಪಿಕೊಂಡು ಆನೆಗಳನ್ನು ಸ್ಥಳಾಂತರಿಸಬೇಕು. ವಿಜ್ಞಾನಿ ಹಾದಿ ತೋರಿಸಬಲ್ಲರು, ಹೆಜ್ಜೆ ಇಡಬೇಕಾದವರು ನಾವು ಆರಿಸಿ ಕಳುಹಿಸಿದವರು. ಅವರನ್ನು ಕೇಳುವ ಹೊಣೆ ನಮ್ಮದು.