ತಪ್ಪು ಜೇನಿನದಲ್ಲ

ಶಾಲಾ ತೋಟದ ಪೊದೆ ಕಡಿಯಲು ಮಕ್ಕಳನ್ನು ಕಳುಹಿಸಿದವನು ನಾನೇ. ಒಳಗೆ ಕೋಲುಜೇನು ಇದ್ದುದನ್ನು ನೋಡಿರಲಿಲ್ಲ. ಒಬ್ಬ ಹುಡುಗನ ಮುಖ ಬಾತಿತು. ಸೂಟೆ ಹಚ್ಚಿ ಸುಡೋಣವೆಂದರು ಕೆಲವರು. ನಾನು ಒಪ್ಪಲಿಲ್ಲ.

ಜೇನು ಕುಟುಕುವುದು ಗೂಡಿನ ರಕ್ಷಣೆಗಾಗಿ. ಅದಿಲ್ಲದಿದ್ದರೆ ನಮ್ಮ ಕಾಸರಗೋಡಿನ ತೋಟಗಳಲ್ಲಿ ಸೌತೆ, ಕುಂಬಳ ಕಾಯಿ ಕಟ್ಟುವುದೇ ಕಷ್ಟ. ಸುಡುವುದಕ್ಕಿಂತ ನೋಡಿ ದುಡಿಯುವುದು ಲೇಸೆಂದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳೇ, ಕತ್ತಿ ಹಿಡಿಯುವ ಮೊದಲು ಪೊದೆ, ಪೊಟರೆಗಳನ್ನು ನೋಡಿರಿ. ಜೇನು ಬಳಿ ಬಂದರೆ ಕೈ ಬೀಸಬೇಡಿರಿ. ಕುಟುಕಿದರೆ ಒಡನೆ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದು ದೂರ ಸರಿಯಿರಿ. ಅದರ ವಾಸನೆಗೆ ಇತರ ಜೇನುಗಳೂ ಬರುತ್ತವೆ. ಹೆಜ್ಜೇನು ಎದ್ದರೆ ಮನೆಯೊಳಗೆ ಓಡಿ ಬಾಗಿಲು ಹಾಕಿರಿ, ಕೆರೆಗೆ ಹಾರಬೇಡಿರಿ.

ಹೆತ್ತವರೇ, ಕುಟುಕಿಸಿಕೊಂಡ ಮಗುವಿಗೆ ಉಸಿರಾಟ ಕಷ್ಟವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ಈಗ ನಾನು ಮೊದಲು ನೋಡಿ, ಅನಂತರವೇ ಮಕ್ಕಳನ್ನು ತೋಟಕ್ಕಿಳಿಸುತ್ತೇನೆ.