ಬೋರ್ಡಿನ ಮೇಲೆ 60, ತಲೆಯೊಳಗೆ ಎಷ್ಟು?

ಕಳೆದ ವಾರದ ಮಾತು. ಗಾಂಧಿನಗರದ ಒಂದು ಮೊಬೈಲ್ ಅಂಗಡಿಗೆ ಚಾರ್ಜರ್ ಕೊಳ್ಳಲು ಹೋಗಿದ್ದೆ. ಕೌಂಟರಿನ ಹುಡುಗ ತಲೆಯೆತ್ತಿ ನೋಡಿದ. ನನ್ನ ಬಾಯಿಂದ ಬಂದ ಮೊದಲ ಮಾತು: 'ಭಯ್ಯಾ, ಚಾರ್ಜರ್ ಹೈ ಕ್ಯಾ?' ಅವನು 'ಹೈ ಸರ್' ಅಂದ. ಹತ್ತು ನಿಮಿಷ ಇಬ್ಬರೂ ಹರಕುಮುರುಕು ಹಿಂದಿಯಲ್ಲಿ ಚೌಕಾಸಿ ಮಾಡಿದೆವು. ಲಿಂಗವೂ ತಪ್ಪು, ವಚನವೂ ತಪ್ಪು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಎತ್ತಿದವನೇ, 'ಉಂಡ್ಯೇನವ್ವಾ? ಗಿರಾಕಿ ಅವ್ರೆ, ಆಮೇಲ್ ಮಾಡ್ತೀನಿ ಇರು' ಅಂದ.

ಮಂಡ್ಯ ಸೀಮೆಯ ಹುಡುಗ! ಕನ್ನಡಕ್ಕಾಗಿ ಪತ್ರಿಕೆ ನಡೆಸುವ ನಾನು ಒಂದು ಕಡೆ, ಅವ್ವನ ಜೊತೆ ಅಚ್ಚ ಕನ್ನಡ ಆಡುವ ಅವನು ಇನ್ನೊಂದು ಕಡೆ. ನಡುವೆ ಇಬ್ಬರಿಗೂ ಬಾರದ ಹಿಂದಿ! ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಅಂಗಡಿ ಇಳಿದ ಮೇಲೆ ನಗು ಬರಲಿಲ್ಲ.

ಗೆಳೆಯರೇ, ಇಲ್ಲಿ ಬೈಯಲು ಪರಭಾಷಿಕನೇ ಇರಲಿಲ್ಲ. ನನ್ನನ್ನು ಯಾರೂ ಬೆದರಿಸಿರಲಿಲ್ಲ. 'ಇವನ ಜೊತೆ ಹಿಂದಿ ಆಡಬೇಕು' ಎಂದು ನಾನು ತೀರ್ಮಾನ ಮಾಡಿಯೂ ಇರಲಿಲ್ಲ. ಬಾಯಿ ತಾನೇ ಆಡಿತು. ಆಡಿದ್ದು ಗೊತ್ತಾದದ್ದೇ ಹತ್ತು ನಿಮಿಷದ ಮೇಲೆ. ಹಾಗಾದರೆ ಆಡಿಸಿದವರು ಯಾರು?

ಮನಸ್ಸು ಮಾಡುವ ಕೆಲಸದಲ್ಲಿ ಬಹುಪಾಲು ನಮ್ಮನ್ನು ಕೇಳಿ ಮಾಡುವಂಥದ್ದಲ್ಲ. ಸೈಕಲ್ ಕಲಿಯುವ ದಿನ ಬ್ಯಾಲೆನ್ಸ್ ಬಿಟ್ಟರೆ ಬೇರೇನೂ ತಲೆಯಲ್ಲಿರುವುದಿಲ್ಲ. ತಿಂಗಳು ಕಳೆದರೆ ಅದೇ ಹುಡುಗ ಸಿನಿಮಾ ಹಾಡು ಗುನುಗುತ್ತಾ ತುಳಿಯುತ್ತಾನೆ. ಸಿಟಿ ಬಸ್ಸಿನ ಡ್ರೈವರ್ ಕಂಡಕ್ಟರ್ ಜೊತೆ ಮಾತಾಡುತ್ತಲೇ ಗೇರ್ ಬದಲಿಸುತ್ತಾನೆ. ಅಮ್ಮ ಅಳತೆಯಿಲ್ಲದೆ ಸಾರಿಗೆ ಉಪ್ಪು ಹಾಕುತ್ತಾಳೆ. ಒಂದೇ ಸಂದರ್ಭದಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ಮಾಡಿದರೆ ಅದು ಎಚ್ಚರದ ಮನಸ್ಸಿನಿಂದ ಜಾರಿ ರೂಢಿಯ ಕೈಗೆ ಹೋಗುತ್ತದೆ. ಇದು ಮನಸ್ಸಿನ ದೊಡ್ಡ ಉಳಿತಾಯ. ಆದರೆ ರೂಢಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಕಲಿಸಿದ್ದನ್ನು ಮಾಡುತ್ತದೆ, ಅಷ್ಟೆ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದಕ್ಕೆ ಲೆಕ್ಕ ಬೇಕೇ? 1935ರಲ್ಲಿ ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಎಂಬ ವಿಜ್ಞಾನಿ ಒಂದು ಸರಳ ಪರೀಕ್ಷೆ ಪ್ರಕಟಿಸಿದ. 'ಕೆಂಪು' ಎಂಬ ಪದವನ್ನು ನೀಲಿ ಶಾಯಿಯಲ್ಲಿ, 'ಹಸಿರು' ಎಂಬ ಪದವನ್ನು ಕೆಂಪು ಶಾಯಿಯಲ್ಲಿ, ಹೀಗೆ ಅಡ್ಡಾದಿಡ್ಡಿಯಾಗಿ ಅಚ್ಚು ಹಾಕಿಸಿ ವಿದ್ಯಾರ್ಥಿಗಳಿಗೆ ಕೊಟ್ಟ. ಪದ ಓದಬೇಡಿ, ಶಾಯಿಯ ಬಣ್ಣ ಮಾತ್ರ ಹೇಳಿ ಅಂದ. ಬರೀ ಬಣ್ಣದ ಚೌಕಗಳಾದರೆ 100 ಬಣ್ಣ ಹೇಳಲು ಸರಾಸರಿ 63 ಸೆಕೆಂಡು ಸಾಕಾಗಿತ್ತು. ಈ ಅಡ್ಡಾದಿಡ್ಡಿ ಪದಗಳಿಗೆ 110 ಸೆಕೆಂಡು ಬೇಕಾಯಿತು! ಓದಬೇಡಿ ಎಂದರೂ ಕಣ್ಣು ಓದುತ್ತದೆ. ಪಳಗಿದ ಲಿಪಿ ಅಪ್ಪಣೆ ಕೇಳುವುದಿಲ್ಲ.

ಈಗ ನಿಮ್ಮ ಪಾಳಿ. ನಾಲ್ಕು ಸ್ಕೆಚ್ ಪೆನ್ ತನ್ನಿ. ಒಂದು ಹಾಳೆಯಲ್ಲಿ ಬಣ್ಣದ ಹೆಸರುಗಳನ್ನು ಕನ್ನಡದಲ್ಲಿ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ, ಎರಡನ್ನೂ ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಸರಸರನೆ ಶಾಯಿಯ ಬಣ್ಣ ಹೇಳಿ. ಎರಡು ಭಾಷೆ ಬಲ್ಲವರ ಮೇಲೆ ಇಂಥ ಪರೀಕ್ಷೆ ಮಾಡಿದವರು ಕಂಡುಕೊಂಡದ್ದೇನೆಂದರೆ, ಹೆಚ್ಚು ಪಳಗಿದ ಭಾಷೆಯೇ ಹೆಚ್ಚು ಎಡವಿಸುತ್ತದೆ. ಕನ್ನಡದ ಹಾಳೆ ನಿಮ್ಮನ್ನು ಎಡವಿಸಿತೇ? ಸಂತೋಷಪಡಿ, ನಿಮ್ಮ ಕಣ್ಣಿನಲ್ಲಿ ಕನ್ನಡ ಇನ್ನೂ ಜೀವಂತ. ಕನ್ನಡದ ಹಾಳೆಯನ್ನು ಸಲೀಸಾಗಿ ದಾಟಿ ಇಂಗ್ಲಿಷಿನ ಹಾಳೆಯಲ್ಲಿ ಮಾತ್ರ ಮುಗ್ಗರಿಸಿದಿರೇ? ಹಾಗಾದರೆ ಒಂದು ಕ್ಷಣ ಕೂತು ಯೋಚಿಸಿ.

ಸ್ಕೆಚ್ ಪೆನ್ ಇಲ್ಲವೇ? ನಿಮ್ಮ ಮೊಬೈಲ್ ನಂಬರನ್ನು ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಿ ನೋಡೋಣ! 'ಒಂಬತ್ತು... ಎಂಟು... ನಾಲ್ಕು...' ಎಂದು ತಡವರಿಸುತ್ತೀರಿ. ಒಂಬತ್ತು ಗೊತ್ತಿಲ್ಲವೆಂದಲ್ಲ. ಬಾಯಿಗೆ ರೂಢಿಯಿಲ್ಲ.

ಇದು ಕಣ್ಣು ಬಾಯಿಗಳ ಕಥೆಯಾಯಿತು. ಇದಕ್ಕಿಂತ ಆಳಕ್ಕಿಳಿದದ್ದು ಇನ್ನೊಂದಿದೆ. ಅದನ್ನು ಬಯಲಿಗೆಳೆದದ್ದು ಕೆನಡಾ ದೇಶದ ಮಾಂಟ್ರಿಯಲ್ ನಗರ. ಅಲ್ಲಿ ಹೆಚ್ಚು ಜನ ಫ್ರೆಂಚ್ ಮಾತಾಡುವವರು. ಆದರೆ ಆ ಕಾಲಕ್ಕೆ ದೊಡ್ಡ ಕಂಪನಿ, ದೊಡ್ಡ ಕುರ್ಚಿ, ದೊಡ್ಡ ಸಂಬಳ ಎಲ್ಲ ಇಂಗ್ಲಿಷಿನವರದ್ದು. ಎಲ್ಲೋ ಕೇಳಿದ ಹಾಗಿದೆಯಲ್ಲವೇ? ಅಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಎರಡೂ ಭಾಷೆ ಚೆನ್ನಾಗಿ ಬಲ್ಲವರಿಂದ ಒಂದೇ ಬರಹವನ್ನು ಒಮ್ಮೆ ಫ್ರೆಂಚಿನಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಓದಿಸಿ ಧ್ವನಿಮುದ್ರಿಸಿದರು. ಕೇಳುವ ವಿದ್ಯಾರ್ಥಿಗಳಿಗೆ ಇವು ಬೇರೆ ಬೇರೆ ಜನರ ದನಿ ಎಂದೇ ಭಾವನೆ. ದನಿ ಕೇಳಿ ಆ ಮನುಷ್ಯ ಎಂಥವನು ಹೇಳಿ ಎಂದು 14 ಗುಣಗಳ ಪಟ್ಟಿ ಕೊಟ್ಟರು.

ಇಂಗ್ಲಿಷ್ ವಿದ್ಯಾರ್ಥಿಗಳು ಇಂಗ್ಲಿಷ್ ದನಿಗೆ ಹೆಚ್ಚು ಅಂಕ ಕೊಟ್ಟರು. ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಫ್ರೆಂಚ್ ವಿದ್ಯಾರ್ಥಿಗಳು? ಅವರೂ ಇಂಗ್ಲಿಷ್ ದನಿಗೇ ಹೆಚ್ಚು ಅಂಕ ಕೊಟ್ಟರು! ಅದೂ ಇಂಗ್ಲಿಷರಿಗಿಂತ ಹೆಚ್ಚಿನ ಗುಣಗಳಲ್ಲಿ. ಇಂಗ್ಲಿಷ್ ಆಡುವವನೇ ಬುದ್ಧಿವಂತ, ಅವನೇ ಮುಂದಾಳು, ಅವನೇ ನಂಬಿಗಸ್ತ. ಕೊನೆಗೆ ಅವನೇ ಎತ್ತರದ ಆಳು, ಅವನೇ ಸುಂದರ! ದನಿಯಲ್ಲಿ ಎತ್ತರ ಎಲ್ಲಿಂದ ಬಂತು ಸ್ವಾಮಿ? ತಮ್ಮ ಭಾಷೆಯ ದನಿಗೆ ಅವರು ಹೆಚ್ಚು ಕೊಟ್ಟದ್ದು ದೈವಭಕ್ತಿ ಮತ್ತು ಕರುಣೆ ಎರಡನ್ನು ಮಾತ್ರ. ಎರಡೂ ದನಿ ಒಬ್ಬನದೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ಹುಡುಗರು ನಾಡದ್ರೋಹಿಗಳಲ್ಲ. ನಿನ್ನ ಭಾಷೆ ಕೀಳೇ ಎಂದು ನೇರವಾಗಿ ಕೇಳಿದ್ದರೆ ಅವರಲ್ಲಿ ಎಷ್ಟೋ ಮಂದಿ ಜಗಳಕ್ಕೇ ಬರುತ್ತಿದ್ದರೇನೋ. ದಿನವೂ ಕಂಡದ್ದನ್ನು ಒಳಮನಸ್ಸು ಲೆಕ್ಕ ಇಟ್ಟಿತ್ತು: ಈ ಭಾಷೆ ಸಾಹೇಬನದ್ದು, ಆ ಭಾಷೆ ಕೂಲಿಯವನದ್ದು. ಕನ್ನಡ ಮೀಡಿಯಂ ಎಂದ ಕೂಡಲೇ ಇಂಟರ್ವ್ಯೂ ಕೋಣೆಯಲ್ಲಿ ಮೇಜಿನ ಆಚೆ ಕೂತ ಕನ್ನಡಿಗನ ಮುಖ ಯಾಕೆ ಸಪ್ಪಗಾಗುತ್ತದೆ, ಈಚೆ ಕೂತ ಕನ್ನಡಿಗನ ದನಿ ಯಾಕೆ ಇಳಿಯುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಅಲ್ಲಿ ಒಂದು ಕೆಲಸ, ಒಂದು ಬದುಕು ಕೈತಪ್ಪಿ ಹೋಗುತ್ತದೆ. ಅದಕ್ಕೇ ಇದು ಬರೀ ಪ್ರಯೋಗಶಾಲೆಯ ಮಾತಲ್ಲ.

ಮಾಂಟ್ರಿಯಲ್ ಸುಮ್ಮನೆ ಕೂರಲಿಲ್ಲ. ಆ ನಗರ ಇರುವ ಕ್ಯುಬೆಕ್ ಪ್ರಾಂತ್ಯ 1977ರಲ್ಲಿ ಕಾಯ್ದೆ ತಂದು ಸರ್ಕಾರ, ಉದ್ಯೋಗ, ವ್ಯಾಪಾರ, ಶಿಕ್ಷಣಗಳಲ್ಲಿ ಫ್ರೆಂಚಿಗೆ ಪಟ್ಟ ಕಟ್ಟಿತು. ನಾವೂ ಕೂರಲಿಲ್ಲ. 2023ರ ಡಿಸೆಂಬರಿನಲ್ಲಿ ಕನ್ನಡದ ಹುಡುಗರು ಬೆಂಗಳೂರಿನ ಬೀದಿಗಿಳಿದರು. 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಮಸೂದೆ ಒಪ್ಪಿತು: ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ. ಬೋರ್ಡಿನಿಂದ ಏನಾಗುತ್ತದೆ ಎಂದು ಮೂಗು ಮುರಿಯುವ ಪಂಡಿತರಿಗೆ ನಮ್ಮ ಉತ್ತರ ಇದು: ಮನಸ್ಸಿನ ರೂಢಿ ಹುಟ್ಟುವುದೇ ಕಣ್ಣು ದಿನವೂ ಕಾಣುವುದರಿಂದ. ಬೋರ್ಡು ಬರೀ ತಗಡಲ್ಲ, ಬೀದಿಯ ಮಗುವಿಗೆ ಅದು ದಿನದ ಪಾಠ.

ಆದರೆ ನಾವು ನಮ್ಮನ್ನೂ ಕೇಳಿಕೊಳ್ಳಬೇಕು. ಬೋರ್ಡಿನ ಮೇಲೆ 60 ಬಂತು, ನೋಡುವ ಕಣ್ಣು ಕೆಳಗಿನ 40ಕ್ಕೇ ಜಾರಿದರೆ? ಎಟಿಎಂ ಕನ್ನಡ ಬೇಕೇ ಎಂದು ಕೇಳಿದಾಗ ಬೆರಳು ತಾನಾಗಿ ಇಂಗ್ಲಿಷ್ ಒತ್ತಿದರೆ? ಆ ಬೆರಳಿನ ವಿರುದ್ಧ ಯಾವ ಸರ್ಕಲ್ಲಿನಲ್ಲಿ ಧರಣಿ ಕೂರೋಣ?

ಕೆಲವರು ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವಲ್ಲ ಕಣ್ರೀ, ಕಟ್ಟಿಕೊಂಡ ಗುಣ. ಕಟ್ಟಿದ್ದನ್ನು ಬಿಚ್ಚಬಹುದು. ಬೈದರೆ ಬಿಚ್ಚುವುದಿಲ್ಲ, ನಾಚಿಕೆಪಟ್ಟರೂ ಬಿಚ್ಚುವುದಿಲ್ಲ. ಅದರ ಜಾಗದಲ್ಲಿ ಇನ್ನೊಂದನ್ನು ಕಟ್ಟಬೇಕು. 'ಇನ್ನು ಕನ್ನಡ ಬಳಸುತ್ತೇನೆ' ಎಂಬ ನವೆಂಬರ್ ಒಂದರ ಪ್ರತಿಜ್ಞೆ ಎರಡನೇ ತಾರೀಖಿಗೆ ಮರೆತುಹೋಗುತ್ತದೆ. ಜರ್ಮನ್ ಮೂಲದ ವಿಜ್ಞಾನಿ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ಬರೆದದ್ದು ಇದನ್ನೇ: ಬರೀ ಸಂಕಲ್ಪ ಸಾಲದು, 'ಇಂಥದ್ದು ಎದುರಾದರೆ ಇಂಥದ್ದು ಮಾಡುತ್ತೇನೆ' ಎಂದು ಜಾಗ, ಹೊತ್ತು ಗೊತ್ತುಮಾಡಿಕೊಂಡವರು ಹೆಚ್ಚು ಗೆಲ್ಲುತ್ತಾರೆ.

ಹಾಗೇ ಗೊತ್ತುಮಾಡಿಕೊಳ್ಳಿ. ಆಟೋ ಹತ್ತಿದರೆ ಮೊದಲ ಮಾತು ಕನ್ನಡ. ಅಂಗಡಿಯ ಮೆಟ್ಟಿಲು ಹತ್ತಿದರೆ ಮೊದಲ ಮಾತು 'ಅಣ್ಣಾ' ಇಲ್ಲವೇ 'ಅಕ್ಕಾ'. ಎಟಿಎಂ ಕೇಳಿದರೆ ಕನ್ನಡ. ನಂಬರ್ ಕೇಳಿದರೆ ಕನ್ನಡ. ಮೊಬೈಲಿನ ಕೀಲಿಮಣೆ ಇವತ್ತೇ ಕನ್ನಡ. ಎದುರಿನವರಿಗೆ ಕನ್ನಡ ಬಾರದಿದ್ದರೆ ಎರಡನೇ ಮಾತು ಅವರಿಗೆ ತಿಳಿಯುವ ಭಾಷೆಯಲ್ಲಿರಲಿ, ನಮ್ಮದೇನೂ ತಕರಾರಿಲ್ಲ. ಮೊದಲ ಮಾತು ಮಾತ್ರ ನಮ್ಮದು.

ಎಷ್ಟು ದಿನ? ಲಂಡನ್ನಿನಲ್ಲಿ 96 ಜನರನ್ನು ಸೇರಿಸಿಕೊಂಡು ಹೊಸ ಅಭ್ಯಾಸ ಕೂಡಿಸಿ ನೋಡಿದರು. 2010ರಲ್ಲಿ ಮುದ್ರಣವಾದ ಆ ಅಧ್ಯಯನದ ಪ್ರಕಾರ ಮಧ್ಯದ ಲೆಕ್ಕ ಹಿಡಿದರೆ 66 ದಿನ. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕಾದೀತು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತೆಂದಲ್ಲ. ಮರುದಿನ ಮತ್ತೆ ಹಿಡಿಯಿರಿ.

ಮೊನ್ನೆ ಅದೇ ಅಂಗಡಿಗೆ ಬೇಕೆಂದೇ ಹೋದೆ. ಹುಡುಗ ನೋಡಿದವನೇ ನಕ್ಕು, 'ಬನ್ನಿ ಸಾರ್, ಏನ್ ಬೇಕಿತ್ತು?' ಅಂದ. ನನಗೆ ಏನೂ ಬೇಕಿರಲಿಲ್ಲ. ಆ ಮೊದಲ ಮಾತೇ ಬೇಕಿತ್ತು.